ಕರ್ಯಲ ಅಂದ್ರೆ ಕಾರ್ಯಾಲಯ ಅಲ್ಲ

"ಶನಿವಾರ ಕರ್ಯಲ ಇದೆ, ಬರ್ತೀಯಲ್ಲ?" ಅಂತ ಟೀಮಿನ ಹುಡುಗ ಕೇಳಿದಾಗ ನನ್ನ ಕಿವಿಗೆ ಬಿದ್ದಿದ್ದು 'ಕಾರ್ಯಾಲಯ'. ಶನಿವಾರವೂ ಆಫೀಸಾ ಅಂತ ಎದೆ ಧಸಕ್ಕೆಂದಿತು. ಪ್ರೊಡಕ್ಷನ್‌ನಲ್ಲಿ ಏನೋ ಕೈಕೊಟ್ಟಿರಬೇಕು ಅಂದ್ಕೊಂಡು ಲ್ಯಾಪ್‌ಟಾಪಿನ ಚಾರ್ಜರ್ ಹುಡುಕತೊಡಗಿದೆ. ವಿಷಯ ಗೊತ್ತಾದ ಮೇಲೆ ಅವನು ಬಿದ್ದೂ ಬಿದ್ದೂ ನಕ್ಕ.

ನಾನು ಹೆಲ್ಸಿಂಕಿಗೆ ಬಂದು ಆಗ ಎರಡು ತಿಂಗಳಾಗಿತ್ತಷ್ಟೆ. ನವೆಂಬರ್ ತಿಂಗಳು. ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲೆ. ಆ ಕತ್ತಲೆಯಲ್ಲಿ ಈ ದೇಶದವರು ಮಾಡೋದು ಎರಡೇ ಕೆಲಸ: ಸೌನಾದಲ್ಲಿ ಬೇಯೋದು, ಐಸ್ ಹಾಕಿ ನೋಡೋದು. ಕರ್ಯಲ ಅನ್ನೋದು ಅಂಥದ್ದೊಂದು ಐಸ್ ಹಾಕಿ ಪಂದ್ಯಾವಳಿ. ಪ್ರತಿ ನವೆಂಬರಿನಲ್ಲಿ ಫಿನ್ಲೆಂಡ್ ನಡೆಸುತ್ತೆ. ಯೂರೋ ಹಾಕಿ ಟೂರ್ ಅನ್ನೋ ಸರಣಿಯ ಒಂದು ಭಾಗ ಇದು. ಯುರೋಪಿನ ನಾಲ್ಕು ದೇಶಗಳ ತಂಡಗಳು, ಪ್ರತಿಯೊಂದಕ್ಕೂ ಮೂರು ಪಂದ್ಯ. 1992ರಲ್ಲಿ ಶುರುವಾದಾಗ ಇದರ ಹೆಸರು 'ಸೌನಾ ಕಪ್' ಅಂತಿತ್ತಂತೆ! 1996ರಿಂದ ಕರ್ಯಲ. ಅದು ಪ್ರಾಯೋಜಕರ ಬಿಯರಿನ ಹೆಸರು.

"ಬಿಯರಿಗೆ ಆ ಹೆಸರು ಎಲ್ಲಿಂದ ಬಂತು?" ಅಂದೆ. "ಅದನ್ನ ನಮ್ಮ ಮುಮ್ಮೊ ಹತ್ರ ಕೇಳು" ಅಂದ. ಮುಮ್ಮೊ ಅಂದ್ರೆ ಅಜ್ಜಿ. ಪಂದ್ಯ ನೋಡೋದೂ ಅವಳ ಮನೇಲೇ ಅಂತ ತೀರ್ಮಾನವಾಗಿತ್ತು.

ನಮಗೆ ಹಾಕಿ ಅಂದ್ರೆ ಕೊಡಗು, ಮೈದಾನ, ಚೆಂಡು. ಇಲ್ಲಿ ಚೆಂಡೇ ಇಲ್ಲ ಕಣ್ರೀ. ಏಳೂವರೆ ಸೆಂಟಿಮೀಟರ್ ಅಗಲ, ಎರಡೂವರೆ ಸೆಂಟಿಮೀಟರ್ ದಪ್ಪದ ಕರಿ ರಬ್ಬರ್ ಬಿಲ್ಲೆ. ಒಂದು ಕಡೆ ಐದು ಜನ, ಜೊತೆಗೊಬ್ಬ ಗೋಲ್‌ಕೀಪರ್. ಇಪ್ಪತ್ತಿಪ್ಪತ್ತು ನಿಮಿಷದ ಮೂರು ಅವಧಿ. ಆಡೋರು ಮುಕ್ಕಾಲು ನಿಮಿಷ ಓಡಿ ಏದುಸಿರು ಬಿಡುತ್ತಾ ಕಟ್ಟೆ ಹಾರಿ ಹೊರಬರ್ತಾರೆ, ಆಟ ನಿಲ್ಲದೇ ಬೇರೆಯವರು ಒಳಹೋಗ್ತಾರೆ. ತಪ್ಪು ಮಾಡಿದವನನ್ನ ಎರಡು ನಿಮಿಷ ಒಂದು ಪೆಟ್ಟಿಗೆಯಂಥ ಜಾಗದಲ್ಲಿ ಕೂರಿಸ್ತಾರೆ, ಹೋಮ್‌ವರ್ಕ್ ಮಾಡದ ಹುಡುಗನ್ನ ಕ್ಲಾಸಿನ ಹೊರಗೆ ನಿಲ್ಲಿಸಿದ ಹಾಗೆ. ಸ್ಕೋರ್ ಏನಾಯ್ತು ಅಂತ ಮಾತ್ರ ಕೇಳಬೇಡಿ. ಒಂದು ಗೋಲೂ ನನ್ನ ಕಣ್ಣಿಗೆ ಬೀಳಲಿಲ್ಲ. ಎಲ್ಲರೂ ಕೂಗಿದಾಗ ನಾನೂ ಕೂಗಿದೆ, ಅಷ್ಟೆ.

ಮುಮ್ಮೊಗೆ ಎಂಬತ್ತು ದಾಟಿ ಎಷ್ಟೋ ವರ್ಷ ಆಗಿದೆ. ಗೋಧಿಯಲ್ಲ, ರೈ ಹಿಟ್ಟಿನ ತೆಳ್ಳನೆ ಹಾಳೆಯೊಳಗೆ ಅನ್ನದ ಗಂಜಿ ತುಂಬಿ, ಅಂಚು ಮಡಚಿ, ಒಲೆಯಲ್ಲಿ ಸುಟ್ಟ ತಿಂಡಿ ಮಾಡಿದ್ದಳು. ಕರ್ಯಲನ್‌ಪೀರಕ್ಕ ಅಂತ ಅದರ ಹೆಸರು. ಜೊತೆಗಿದ್ದ ಮೊಟ್ಟೆ ಕಲಸಿದ ಬೆಣ್ಣೆಯನ್ನ ಮೆಲ್ಲಗೆ ಬದಿಗೆ ಸರಿಸಿ ನಾಲ್ಕು ತಿಂದೆ. "ಇದೂ ಕರ್ಯಲವಾ?" ಅಂದೆ. ಅವಳು ಹೇಳತೊಡಗಿದಳು, ಮೊಮ್ಮಗ ಇಂಗ್ಲಿಷಿಗೆ ತಂದು ಕೊಡ್ತಾ ಹೋದ.

ಕರ್ಯಲ ಅವಳ ನಾಡು. ಹತ್ತಿರದ ದೊಡ್ಡ ಪಟ್ಟಣ ವೀಪುರಿ (ಕೇಳಿದ್ರೆ ನಮ್ಮ ಕಡೆಯದೇ ಅನ್ನಿಸುತ್ತಲ್ವಾ?). 1939ರ ನವೆಂಬರ್ 30ಕ್ಕೆ ಸೋವಿಯತ್ ಒಕ್ಕೂಟ ದಾಳಿ ಮಾಡಿತು. 1940ರ ಮಾರ್ಚಿನ ಒಪ್ಪಂದದಲ್ಲಿ ವೀಪುರಿ ಸಮೇತ ಕರ್ಯಲದ ಬಹುಭಾಗ ಹೋಯಿತು. ಮತ್ತೆ ಯುದ್ಧವಾಗಿ ಜನ ಊರಿಗೆ ವಾಪಸಾದರು, ಸುಟ್ಟ ಮನೆಗಳನ್ನ ಕಟ್ಟಿಕೊಂಡರು. 1944ರಲ್ಲಿ ಮತ್ತೆ ಬಿಟ್ಟು ಬಂದರು, ಈ ಸಲ ಖಾಯಂ ಆಗಿ. ಹೀಗೆ ನೆಲೆ ಕಳೆದುಕೊಂಡವರು ನಾಲ್ಕು ಲಕ್ಷಕ್ಕೂ ಹೆಚ್ಚು. ಆಗ ಇವಳಿಗೆ ಆರು ವರ್ಷ. ನೆನಪಿರೋದು ಒಂದೇ ಅಂತೆ: ಅಮ್ಮ ಹಸು ಹೊಡ್ಕೊಂಡು ನಡೆದದ್ದು, ಹಾಲು ಕರೆದು ದಾರಿ ಬದಿಗೇ ಚೆಲ್ಲಿದ್ದು.

ಈಗ ತಮಾಷೆ ನೋಡಿ. ಯೂರೋ ಹಾಕಿ ಟೂರ್‌ನಲ್ಲಿ 1996ರಿಂದ ಇದ್ದ ನಾಲ್ಕು ದೇಶಗಳು ಫಿನ್ಲೆಂಡ್, ಸ್ವೀಡನ್, ಚೆಕ್ ಮತ್ತು... ರಷ್ಯಾ! ಕರ್ಯಲವನ್ನ ತಗೊಂಡವರೇ ವರ್ಷ ವರ್ಷ ಬಂದು 'ಕರ್ಯಲ' ಕಪ್ಪಿಗಾಗಿ ಆಡ್ತಿದ್ದರು. ಹಲವು ಸಲ ಗೆದ್ದು ತಗೊಂಡೂ ಹೋದರು. "ಮತ್ತೊಮ್ಮೆ ತಗೊಂಡು ಹೋದರು ಅಂತ ನಾನು ಟೀವಿ ಆರಿಸ್ತಿದ್ದೆ" ಅಂದಳು ಮುಮ್ಮೊ, ನಗದೇ.

2022ರ ಫೆಬ್ರವರಿ 20ರಂದು ಬೀಜಿಂಗ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಫಿನ್ಲೆಂಡ್ ರಷ್ಯನ್ನರನ್ನ 2-1ರಿಂದ ಸೋಲಿಸಿ ಮೊದಲ ಸಲ ಚಿನ್ನ ಗೆದ್ದಿತು. ನಾಲ್ಕೇ ದಿನ... 24ಕ್ಕೆ ಉಕ್ರೇನಿನ ಮೇಲೆ ದಾಳಿ. ರಷ್ಯಾ ತಂಡ ಹೊರಬಿತ್ತು, ಅದರ ಜಾಗಕ್ಕೆ ಸ್ವಿಟ್ಜರ್‌ಲೆಂಡ್ ಬಂತು. "ಒಳ್ಳೇದೇ ಆಯ್ತಲ್ವಾ?" ಅಂದೆ. ಅವಳು ತುಸು ಹೊತ್ತು ಸುಮ್ಮನಿದ್ದು, "ಕರೀಬಾರದು, ಸರಿಯೇ. ಆದ್ರೆ ಅವರಿಲ್ಲದ ಕರ್ಯಲ ಸಪ್ಪೆ. ಸ್ವಿಸ್ಸಿನವರನ್ನ ಸೋಲಿಸಿ ನಾನೇನು ಮಾಡ್ಲಿ?" ಅಂದಳು.

ಆಮೇಲೆ ನನ್ನ ಕಡೆ ತಿರುಗಿ, "ನಿನ್ನದು ಯಾವೂರು?" ಅಂದಳು.

ಶಿವಮೊಗ್ಗ ಅನ್ನಬಹುದಿತ್ತು. ನಾನು ಹುಟ್ಟಿದ್ದು ಅಲ್ಲೇ. ಆದ್ರೆ ಬಾಯಿಗೆ ಬಂದಿದ್ದು ನಾನು ಯಾವತ್ತೂ ನೋಡದ ಊರು. 1964ರಲ್ಲಿ ಲಿಂಗನಮಕ್ಕಿ ಜಲಾಶಯ ತುಂಬಿದಾಗ ಮುಳುಗಿದ ಶರಾವತಿ ಕಣಿವೆಯ ಊರುಗಳಲ್ಲಿ ನನ್ನಜ್ಜನದೂ ಒಂದು. ಅವನೂ ದನ ಹೊಡ್ಕೊಂಡೇ ಬಂದವನು. ಅದನ್ನ ಮೊಮ್ಮಗ ಹೇಳಿದ ಮೇಲೆ ಮುಮ್ಮೊ ನನ್ನ ತಟ್ಟೆಗೆ ಇನ್ನೊಂದು ಪೀರಕ್ಕ ಹಾಕಿ, "ಯಾರು ತಗೊಂಡದ್ದು?" ಅಂದಳು.

ಇದಕ್ಕೇನು ಹೇಳೋದು? ಯಾರೂ ಬಂದೂಕು ಹಿಡಿದು ಬಂದಿರಲಿಲ್ಲ. ನಮ್ಮ ರಾಜ್ಯ, ನಮ್ಮದೇ ಕರೆಂಟು. ನಾನು ಇಂಜಿನಿಯರಿಂಗ್ ಓದಿದ್ದು ಅದೇ ಬೆಳಕಿನಲ್ಲಿ, ಕಂಪ್ಯೂಟರ್ ಕಲಿತದ್ದೂ ಅದರಿಂದಲೇ. ಮುಮ್ಮೊಗೆ ಎದುರಾಳಿ ಯಾರು ಅಂತ ಗೊತ್ತು, ಇಪ್ಪತ್ತೈದು ವರ್ಷ ನವೆಂಬರ್ ಬಂದಾಗಲೆಲ್ಲ ಟೀವಿ ಮುಂದೆ ಕೂತು ಬೈದು ಹಗುರಾದಳು. ಅಜ್ಜ ಯಾರನ್ನ ಬೈಬೇಕಿತ್ತು? ಅವನು ಯಾರನ್ನೂ ಬೈದದ್ದು ನಾನು ಕೇಳಿಲ್ಲ. ಯಾರೂ ಇಲ್ಲದ ಕೋಣೇಲಿ ಲೈಟ್ ಉರೀತಿದ್ರೆ ಮಾತ್ರ, "ನಮ್ಮ ತೋಟ ಉರೀತಾ ಇದ್ಯೋ, ಆರ್ಸೋ ಮಾರಾಯ" ಅಂತಿದ್ದ. ಜಿಪುಣ ಅಜ್ಜ ಅಂತ ನಾವೆಲ್ಲ ಆಡ್ಕೊಂಡು ನಗ್ತಿದ್ವಿ...

"ಯಾರೂ ಅಲ್ಲ" ಅಂದೆ. ಮುಮ್ಮೊ ನನ್ನ ಮುಖವನ್ನೇ ನೋಡಿದಳು. "ಹಾಗಾದ್ರೆ ನಿಮ್ಮದು ಇನ್ನೂ ಕಷ್ಟ" ಅಂದಳು.

ರಾತ್ರಿ ವಾಪಸ್ ಬರ್ತಾ ಗೆಳೆಯ ಬಿಯರಿನ ಖಾಲಿ ಡಬ್ಬಿಗಳನ್ನ ಚೀಲದಲ್ಲಿ ತಂದಿದ್ದ. ಡಬ್ಬಿಯ ಮೇಲೆ ಕರ್ಯಲದ ಲಾಂಛನ: ಎದುರಾಬದುರಾ ಕತ್ತಿ ಎತ್ತಿದ ಎರಡು ಕೈಗಳು. ಇಲ್ಲಿ ಅಂಗಡಿಗಳಲ್ಲಿ ಒಂದು ಯಂತ್ರ ಇರುತ್ತೆ, ಖಾಲಿ ಡಬ್ಬಿ ಹಾಕಿದ್ರೆ ದುಡ್ಡು ವಾಪಸ್. "ಕರ್ಯಲ ತಕೈಸಿನ್!" ಅಂತ ಒಂದೊಂದಾಗಿ ಒಳಗೆ ತಳ್ಳಿದ. 'ಕರ್ಯಲ ವಾಪಸ್ ಕೊಡಿ' ಅಂತ ಅರ್ಥ, ಇಲ್ಲಿಯವರ ಹಳೇ ಜೋಕು. ಮೂರು ಡಬ್ಬಿಗೆ 45 ಸೆಂಟಿನ ಚೀಟಿ ಬಂತು.

ರೂಮಿಗೆ ಬಂದಾಗ ಬೆಳಗ್ಗೆಯಿಂದ ಅಡುಗೆಮನೆ ಲೈಟ್ ಉರೀತಾನೇ ಇತ್ತು. ಆರಿಸಿದೆ.

ನಿಮ್ಮಲ್ಲಿ ಯಾರಿಗಾದ್ರೂ ಹೀಗೆ, ನೋಡದೇ ಇದ್ರೂ ನಮ್ಮೂರು ಅನ್ನಿಸೋ ಊರು ಇದೆಯಾ? ಇದ್ರೆ ಹೇಳಿ.