ಡಂಬಳದ ಹೊಲದಲ್ಲಿ ಹಾರಾಟದ ಪಾಠ

ಕಳೆದ ಡಿಸೆಂಬರಿನಲ್ಲಿ ಬೆಟಗೇರಿಯ ಅಕ್ಕನ ಮನೆಗೆ ಹೋದಾಗ, ಹಿಂದೆ ಕೈಮಗ್ಗವಿದ್ದ ಪಡಸಾಲೆಯಲ್ಲಿ ಒಂದೂವರೆ ಮೊಳದ ಹೆಲಿಕಾಪ್ಟರೊಂದು ನಿಂತಿದ್ದಿತು. ಸೋದರಳಿಯನು ಎರಡು ವರ್ಷ ಕೂಡಿಟ್ಟ ಹಣದಿಂದ ಕೊಂಡದ್ದಂತೆ. "ಪರೀಕ್ಷಾದಾಗ ಒಂದ್ ವಿಷಯ ಹೋತು. ಇವಂಗ ಇದರದೇ ಹುಚ್ಚು. ನೀನರ ಬುದ್ಧಿ ಹೇಳೋ ತಮ್ಮಾ" ಎಂದಳು ಅಕ್ಕ. ಆ ಫಲಿತಾಂಶ ಬಂದಾಗ ನಾನೇ ಅವನಿಗೆ ಕಟುವಾದ ಪತ್ರವೊಂದನ್ನು ಬರೆದಿದ್ದೆ. ಉಳಿದ ಮಾತನ್ನು ಎದುರಿಗೇ ಹೇಳೋಣವೆಂದು ಮರುದಿನ ಅವನೊಡನೆ ಹೊರಟೆ.

ಬಿಸಿಲೇರಿದರೆ ಗಾಳಿಯೂ ಏಳುತ್ತದೆಂದು ನಸುಕಿನಲ್ಲಿಯೇ ಮುಂಡರಗಿಯ ದಾರಿ ಹಿಡಿದೆವು. ಕಪ್ಪತಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳು ಇನ್ನೂ ತೂಕಡಿಸುತ್ತಿದ್ದವು. ಡಂಬಳದ ಸಮೀಪ, ಪರಿಚಿತರ ಬರಿದಾದ ಎರೆಹೊಲದಲ್ಲಿ ಯಂತ್ರವನ್ನು ಇಳಿಸಿ ಹದಿನೈದು ಹೆಜ್ಜೆ ಹಿಂದೆ ಸರಿದೆವು. ನಿಮಿಷಕ್ಕೆ 2,000 ಸುತ್ತಿಗೂ ಮಿಕ್ಕಿ ತಿರುಗುವ ರೆಕ್ಕೆಯ ಹತ್ತಿರ ಸಲಿಗೆ ಸಲ್ಲದು.

ಕೈಪೆಟ್ಟಿಗೆಯಲ್ಲಿ ಎರಡು ಗೋಲುಗಳು. ಎಡಗೋಲನ್ನು ಮುಂದಕ್ಕೆ ನೂಕಿದರೆ ರೆಕ್ಕೆಗಳು ಒಟ್ಟಿಗೆ ತಮ್ಮ ಓರೆಯನ್ನು ಹೆಚ್ಚಿಸಿಕೊಂಡು ಯಂತ್ರವನ್ನೆತ್ತುತ್ತವೆ. ಅದನ್ನೇ ಪಕ್ಕಕ್ಕೆ ಸರಿಸಿದರೆ ಮೂತಿ ತಿರುಗುತ್ತದೆ. ಬಲಗೋಲು ರೆಕ್ಕೆಯ ಚಕ್ರವನ್ನೇ ವಾಲಿಸುತ್ತದೆ. ವಾಲಿದತ್ತ ಯಂತ್ರ ಸಾಗುತ್ತದೆ. ಮೇಲಿನ ರೆಕ್ಕೆ ಒಂದು ಕಡೆ ತಿರುಗಿದರೆ ಒಡಲು ಎದುರು ದಿಕ್ಕಿಗೆ ಗಿರಕಿ ಹೊಡೆಯಬೇಕಷ್ಟೆ. ಅದನ್ನು ತಡೆಯುವುದು ಬಾಲದ ಪುಟ್ಟ ರೆಕ್ಕೆ. 1939ರಲ್ಲಿ ಸಿಕೋರ್‌ಸ್ಕಿಯು ಹಾರಿಸಿದ ಯಂತ್ರದ ಒಡಲಿನ ಕ್ರಮವೂ ಕೊನೆಗೆ ಇದೇ ಆಯಿತು. 1960ರ ದಶಕದ ಕೊನೆಗೆ ಜರ್ಮನಿಯ ಡೀಟರ್ ಶ್ಲೂಟರ್ ಅದನ್ನು ರೇಡಿಯೋದಿಂದ ನಡೆಸುವ ಆಟಿಕೆಗೆ ಇಳಿಸಿದರು. ಈಗ ನಮ್ಮ ತುಮಕೂರು ಜಿಲ್ಲೆಯ ಗುಬ್ಬಿಯ ಬಳಿ, 2023ರಲ್ಲಿ ಆರಂಭವಾದ ಎಚ್.ಎ.ಎಲ್. ಕಾರ್ಖಾನೆ ನಿಜವಾದ ಹೆಲಿಕಾಪ್ಟರುಗಳಿಗಾಗಿಯೇ ನಿಂತಿದೆ.

ಅಳಿಯನ ಕೈಯಲ್ಲಿ ಯಂತ್ರವು ಎದೆಯೆತ್ತರದಲ್ಲಿ ತುಂಬಿಯಂತೆ ನಿಂತಿತು. ನನ್ನ ಕೈಗೆ ಬಂದೊಡನೆ ಹುಚ್ಚುಕುದುರೆಯಾಯಿತು. "ಮಾಮಾ, ಗೋಲು ಹಿಂಡಬ್ಯಾಡ್ರಿ, ಬರೇ ಮುಟ್ರಿ" ಎಂದನು. ಬಾಲ ನಮ್ಮ ಕಡೆಗಿರುವಷ್ಟು ಹೊತ್ತು ಹೇಗೋ ನಡೆಯಿತು. ಮೂತಿ ನಮ್ಮತ್ತ ತಿರುಗಿದಾಗ ಎಡ ಬಲವಾಯಿತು, ಬಲ ಎಡವಾಯಿತು! "ವಾಲಿದ ಕಡೀಗೇ ಊರುಗೋಲು ಕೊಡ್ರಿ" ಎಂದು ಅವನು ಕೂಗಿದನು. ಬೀಳುತ್ತಿರುವತ್ತಲೇ ಗೋಲನ್ನು ಸರಿಸಬೇಕೆಂಬುದು ಆ ಮಾತಿನ ಅರ್ಥ. ನಾನೋ ಗಾಬರಿಯಿಂದ ಎದುರು ದಿಕ್ಕಿಗೆಳೆದೆ. ಯಂತ್ರವು ನೆಲಕ್ಕಪ್ಪಳಿಸಿ ರೆಕ್ಕೆ ಮುರಿಯಿತು.

ನನಗೆ ಬಾಯಿ ಬಾರದಾಯಿತು. ಅವನು ಮಾತ್ರ ಚೂರುಗಳನ್ನಾರಿಸುತ್ತ, "ಇರ್ಲಿ ಬಿಡ್ರಿ ಮಾಮಾ, ಕಲಿಯೂಮುಂದ ನಾನೂ ಮೂರು ಮುರದೇನಿ" ಎಂದು ನಕ್ಕನು. ವಾಲಿದ ಕಡೆಗೆ ಊರುಗೋಲು! ನಾನು ಬರೆದ ಪತ್ರವು ನೆನಪಾಗಿ ತಲೆ ತಗ್ಗಿಸಿದೆ.

ಬಿಸಿಲಿಗೆ ಡಂಬಳದ ದೊಡ್ಡಬಸಪ್ಪನ ಗುಡಿಯಲ್ಲಿ ಕುಳಿತೆವು. ಚೌಕವೊಂದನ್ನು ನಡುಬಿಂದುವಿನ ಸುತ್ತ ಮೆಲ್ಲಮೆಲ್ಲನೆ ತಿರುಗಿಸಿದರೆ ಮೂಡುವ, 24 ಮೂಲೆಗಳ ನಕ್ಷತ್ರದ ತಳವಿನ್ಯಾಸ ಅದರದು. ಚಾಲುಕ್ಯರ ಕಾಲದ ಶಿಲ್ಪಿಯು ಕಲ್ಲನ್ನೇ ತಿರುಗಿಸಿ ನಿಲ್ಲಿಸಿದ್ದನಲ್ಲವೇ!

ಮರುದಿನ ಲಕ್ಷ್ಮೇಶ್ವರದ ಸೋಮೇಶ್ವರನ ದರ್ಶನ ಮಾಡಿ, ಹಿಂತಿರುಗುವಾಗ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಯ ದಂಡೆಗಿಳಿದೆವು. 2024ರಲ್ಲಿ ರಾಮ್‌ಸರ್ ಪಟ್ಟಿಗೆ ಸೇರಿದ ಕೆರೆಯಿದು. ಹಿಮಾಲಯವನ್ನು ದಾಟಿ ಬಂದ ಪಟ್ಟೆತಲೆಯ ಹೆಬ್ಬಾತುಗಳು ನೀರಿನ ತುಂಬ ತೇಲುತ್ತಿದ್ದವು. ಯಂತ್ರಕ್ಕೆ ಹೊಸ ರೆಕ್ಕೆ ಕೂಡಿಸಿದ್ದಾಗಿತ್ತು. ಆಸೆ ತಡೆಯದೆ, "ಇಲ್ಲೊಂದು ಸುತ್ತು ಹಾರಿಸೋಣವೆ?" ಎಂದೆ.

"ಬ್ಯಾಡ್ರಿ ಮಾಮಾ. ಅಷ್ಟು ದೂರದಿಂದ ದಣದು ಬಂದಾವು. ಬೆದರಿ ಎದ್ದಾವು" ಎಂದು ಅವನು ಚೀಲದ ಬಾಯಿಯನ್ನು ಬಿಗಿದನು.

ಹೊತ್ತಿಳಿಯುವಾಗ ಹಿಂಡೊಂದು ತಾನಾಗಿಯೇ ಮೇಲೆದ್ದಿತು. ಎಡವೂ ಬಲವೂ ತಪ್ಪದೆ, ಯಾರ ಗೋಲಿನ ಹಂಗೂ ಇಲ್ಲದೆ, ನಮ್ಮ ತಲೆಯ ಮೇಲೆಯೇ ಹಾದುಹೋಯಿತು. ಇಬ್ಬರೂ ಮಾತಿಲ್ಲದೆ ನೋಡುತ್ತ ನಿಂತೆವು.

ರಾತ್ರಿ ರೊಟ್ಟಿ ಬಡಿಸುತ್ತ ಅಕ್ಕ ಕೇಳಿದಳು: "ಬುದ್ಧಿ ಹೇಳಿದಿ ಏನೋ ತಮ್ಮಾ?"

"ಹೇಳಿಸಿಕೊಂಡು ಬಂದೆನಕ್ಕಾ" ಎಂದೆ. ಅಳಿಯನು ತಲೆ ತಗ್ಗಿಸಿ ನಗುತ್ತಿದ್ದನು.