ಒಂದು ಗಂಟೆಯ ದಾರಿ

ದೂರವನ್ನು ಅಳೆಯಲು ನಮ್ಮ ಅಮ್ಮನಿಗೆ ಮೈಲಿಯೂ ಬೇಡ, ಕಿಲೋಮೀಟರೂ ಬೇಡ, ಊಟ ಸಾಕು. ಶಿವಮೊಗ್ಗದಿಂದ, ನಾನು ಕನ್ನಡ ಪಾಠ ಹೇಳುವ ಬೀದರಿಗೆ ಆಕೆಯ ಲೆಕ್ಕದಲ್ಲಿ ಎರಡು ಊಟದ ದಾರಿ. ಒಂದು ಊಟವನ್ನು ಬುತ್ತಿ ಕಟ್ಟಿ ಕೊಡಬೇಕು, ಇನ್ನೊಂದನ್ನು ದೇವರಿಗೆ ಬಿಡಬೇಕು.

2020ರಲ್ಲಿ ಬೀದರಿನ ವಾಯುಪಡೆಯ ನೆಲೆಯಿಂದ ನಮ್ಮಂಥವರ ವಿಮಾನವೂ ಹಾರತೊಡಗಿತು. 2023ರಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ಹೊಸ ನಿಲ್ದಾಣವೇ ಎದ್ದಿತು. ರಜೆಗೆ ಹೋದಾಗ ಅಮ್ಮ ಕೇಳಿದಳು: "ಅಲ್ಲೂ ಆಯ್ತು, ಇಲ್ಲೂ ಆಯ್ತು. ಇನ್ನು ನಿನಗೆ ಬರೋಕೆ ಎಷ್ಟು ಹೊತ್ತು ಬೇಕೋ?"

ಅಕ್ಕನ ಮಗಳ ಭೂಪಟದ ಮೇಲೆ ಅಡಿಪಟ್ಟಿ ಇಟ್ಟು ನೋಡಿದೆ. ನೇರ ಗೆರೆ ಎಳೆದರೆ ಸುಮಾರು 500 ಕಿಲೋಮೀಟರು. ಸಣ್ಣ ಊರುಗಳಿಗೆ ಬರುವ ಪಂಖದ ಎಟಿಆರ್ ವಿಮಾನ ಗಂಟೆಗೆ ಹೆಚ್ಚುಕಡಿಮೆ ಅಷ್ಟೇ ದೂರ ಹಾರುತ್ತದೆ. ಏರುವುದಕ್ಕೂ ಇಳಿಯುವುದಕ್ಕೂ ಕಾಲು ಗಂಟೆ ಸೇರಿಸಿ, "ಒಂದು ಗಂಟೆ, ಬಹಳವೆಂದರೆ ಒಂದೂಕಾಲು" ಎಂದೆ. ಆ ಗೆರೆಯ ಮೇಲೆ ವಿಮಾನವೇ ಹಾರುತ್ತಿರಲಿಲ್ಲ. ಆದರೆ ಅಮ್ಮನ ಮುಖ ಅರಳಿಬಿಟ್ಟಿತ್ತು; ಆ ಮಾತನ್ನು ನುಂಗಿಕೊಂಡೆ.

ಸಣ್ಣ ಊರಿನಿಂದ ಇನ್ನೊಂದು ಸಣ್ಣ ಊರಿಗೆ ಹೋಗುವವರು ದಿನವೂ ಒಂದು ವಿಮಾನದಷ್ಟು ಸಿಗಬೇಕಲ್ಲ! ಹಾಗೆಂದು ನಮ್ಮನ್ನೆಲ್ಲ ದೊಡ್ಡ ಊರಿಗೆ ಒಯ್ದು ಸುರಿಯುತ್ತಾರೆ. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳ ಸಂಗತಿ ಬೇರೆ. ಅಲ್ಲಿ ವೆಸ್ಟ್ರೆಯಿಂದ ಪಾಪಾ ವೆಸ್ಟ್ರೆಗೆ ಮೂರು ಕಿಲೋಮೀಟರೂ ಇಲ್ಲ, ಆದರೂ 1967ರಿಂದ ವಿಮಾನವಿದೆ. ವೇಳಾಪಟ್ಟಿಯ ಪ್ರಕಾರ ಎರಡು ನಿಮಿಷದ ಪ್ರಯಾಣ. ಗಾಳಿ ಒಲಿದರೆ ಒಂದೇ ನಿಮಿಷ. ಆ ಪುಟ್ಟ ವಿಮಾನದಲ್ಲಿ ದ್ವೀಪದ ಶಾಲೆಗೆ ಮೇಷ್ಟರೂ ಹೋಗುತ್ತಾರೆಂದು ಓದಿದಾಗ ನನಗೆ ಹೊಟ್ಟೆಕಿಚ್ಚಾದದ್ದು ನಿಜ.

2024ರ ಮಳೆಗಾಲದ ಒಂದು ಬೆಳಗಿನ ಜಾವ ಅಕ್ಕನ ಫೋನು ಬಂತು: ಅಮ್ಮನಿಗೆ ಎದೆನೋವು, ಆಸ್ಪತ್ರೆಗೆ ಸೇರಿಸಿದೆ. ಆ ದಿನಗಳಲ್ಲಿ ಬೀದರಿನಿಂದ ವಿಮಾನ ನಿಂತೇ ಹೋಗಿತ್ತು. ನೈಋತ್ಯಕ್ಕೆ ಹೋಗಬೇಕಾದ ನಾನು ಆಗ್ನೇಯದ ಹೈದರಾಬಾದಿಗೆ ಬಸ್ಸು ಹತ್ತಿದೆ. ಊರು ದಾಟಿ ಶಂಷಾಬಾದಿನ ವಿಮಾನ ನಿಲ್ದಾಣ ಸೇರುವ ಹೊತ್ತಿಗೆ ಹನ್ನೊಂದು ಕಳೆದಿತ್ತು. ಶಿವಮೊಗ್ಗಕ್ಕೆ ಸೀಟಿಲ್ಲ, ಬೆಂಗಳೂರಿಗೆ ಸಿಕ್ಕಿತು. ಅಲ್ಲಿಂದ ಸಂಜೆಯ ರೈಲು. ಬೀರೂರು ದಾಟುವಾಗ ಕೈಗಡಿಯಾರ ನೋಡುವುದನ್ನು ಬಿಟ್ಟೆ. ಆಸ್ಪತ್ರೆಯ ಮೆಟ್ಟಿಲು ಹತ್ತಿದಾಗ ರಾತ್ರಿ ಹತ್ತೂವರೆ. ಹದಿನಾರು ಗಂಟೆಗಳಲ್ಲಿ ಆಕಾಶದಲ್ಲಿದ್ದದ್ದು ಒಂದು ಗಂಟೆಯ ಮೇಲೆ ಸ್ವಲ್ಪ.

ಅಮ್ಮ ಎಚ್ಚರವಾಗಿದ್ದಳು. "ವಿಮಾನದಲ್ಲೇ ಬಂದ್ಯೇನೋ?" ಎಂದಳು.

"ಹೂಂ ಅಮ್ಮ."

"ಒಂದೇ ಗಂಟೆ?"

"ಒಂದೇ ಗಂಟೆ."

ಅಕ್ಕ ನನ್ನ ಕಡೆ ನೋಡಲಿಲ್ಲ. ಕಿಟಕಿಯ ಮೇಲಿದ್ದ ಫ್ಲಾಸ್ಕಿನಿಂದ ಲೋಟಕ್ಕೆ ಕಾಫಿ ಬಗ್ಗಿಸಿದಳು. ಅದು ಪೂರ್ತಿ ತಣ್ಣಗಾಗಿತ್ತು. ಬೆಳಿಗ್ಗೆ ಎಂಟಕ್ಕೇ, "ಅವನು ಬರೋ ಹೊತ್ತಾಯ್ತು" ಎಂದು ಅಮ್ಮ ತರಿಸಿಟ್ಟದ್ದಂತೆ.