ಹೊಸ್ತಿಲು ದಾಟುವ ಮಕ್ಕಳು

ಜೂನ್ ತಿಂಗಳ ಮೊದಲ ವಾರ. ಹಳೇ ಮೈಸೂರು ಕಡೆಯ ಒಂದು ತಾಲ್ಲೂಕು ಊರಿನ ಹೈಸ್ಕೂಲು. ಎಂಟನೆಯ ತರಗತಿಗೆ ಹೊಸದಾಗಿ ಸೇರಿದ ಮಕ್ಕಳೆಲ್ಲ ಒಳಗೆ ಹೋಗಿ ಕುಳಿತಾಗಿದೆ. ಒಬ್ಬ ಹುಡುಗ ಮಾತ್ರ ಗೇಟಿನ ಹೊರಗೆ ಎರಡೂ ಕಿವಿಗಳನ್ನು ಅಂಗೈಯಿಂದ ಒತ್ತಿ ಹಿಡಿದು ನಿಂತಿದ್ದಾನೆ. ಪಕ್ಕದಲ್ಲಿ ತಾಯಿ. ಅವರ ಕೈಯಲ್ಲಿ ಊಟದ ಡಬ್ಬಿ.

"ಒಳಗೆ ಹೋಗೋ ಕಂದಾ, ಎಲ್ಲರೂ ಹೋದ್ರಲ್ಲ" ಎನ್ನುತ್ತಾರೆ ತಾಯಿ.

"ಗಂಟೆ ಎಷ್ಟಕ್ಕೆ ಹೊಡೀತಾರೆ?" ಎನ್ನುತ್ತಾನೆ ಹುಡುಗ. ಅರ್ಧ ಗಂಟೆಯಿಂದ ಅದೇ ಪ್ರಶ್ನೆ.

ಶಾಲೆಯ ಮಾವಿನ ಮರಕ್ಕೆ ರೈಲು ಕಂಬಿಯ ತುಂಡೊಂದನ್ನು ನೇತುಹಾಕಿದ್ದಾರೆ. ಅದರ ಮೇಲೆ ಸುತ್ತಿಗೆ ಬಿದ್ದರೆ ಬೀದಿಯ ಕೊನೆಯವರೆಗೂ ಕೇಳಿಸುತ್ತದೆ. ಹಿಂದಿನ ದಿನ ಹುಡುಗ ಅದರ ಪಕ್ಕದಲ್ಲೇ ನಡೆದು ಹೋಗುವಾಗ ಇದ್ದಕ್ಕಿದ್ದಂತೆ ಬಾರಿಸಿತ್ತು. ಅಲ್ಲಿಗೆ ಮುಗಿಯಿತು. ರಸ್ತೆಯಲ್ಲಿ ಹೋಗುವವರು ಒಮ್ಮೆ ತಿರುಗಿ ನೋಡಿ, "ಇಷ್ಟು ದೊಡ್ಡವನಾಗಿ ಏನು ಹಟ! ಮುದ್ದು ಮಾಡಿ ಕೆಡಿಸಿದ್ದಾರೆ" ಎಂದು ಹೇಳಿ ಮುಂದೆ ಹೋಗುತ್ತಾರೆ. ತಾಯಿ ತಲೆ ತಗ್ಗಿಸುತ್ತಾರೆ.

ಅದು ಹಟವಲ್ಲ. ಹುಡುಗನಿಗೆ ಆಟಿಸಂ ಇದೆ. ಕನ್ನಡದಲ್ಲಿ ಸ್ವಲೀನತೆ ಎನ್ನುತ್ತಾರೆ. ಅದು ಜ್ವರದ ಹಾಗೆ ಬಂದು ಹೋಗುವ ಕಾಯಿಲೆಯಲ್ಲ, ತಂದೆತಾಯಿಯರ ಸಾಕಣೆಯ ದೋಷವೂ ಅಲ್ಲ. ಮಿದುಳು ಬೆಳೆದ ರೀತಿಯೇ ಬೇರೆ. ನಮ್ಮ ನಿಮ್ಮ ಮಿದುಳು ಫ್ಯಾನಿನ ಸದ್ದು, ಅಂಗಿಯ ಒರಟು, ಪಕ್ಕದವರ ಮಾತು ಎಲ್ಲವನ್ನೂ ತಾನಾಗಿಯೇ ಹಿಂದಕ್ಕೆ ತಳ್ಳಿ ಬೇಕಾದ್ದನ್ನು ಮಾತ್ರ ಮುಂದಿಡುತ್ತದೆ. ಇಂಥ ಅನೇಕ ಮಕ್ಕಳಿಗೆ ಎಲ್ಲವೂ ಒಟ್ಟಿಗೇ ನುಗ್ಗಿ ಬರುತ್ತವೆ. ಆಗ ಅವರಿಗೆ ಉಳಿಯುವ ಒಂದೇ ಆಸರೆಯೆಂದರೆ ಮುಂದೇನಾಗುತ್ತದೆಂದು ಮೊದಲೇ ತಿಳಿದಿರುವುದು. ಅದೇ ದಾರಿ, ಅದೇ ಬೆಂಚು, ಅದೇ ಮೇಷ್ಟರು. ಈ ಹುಡುಗ ಏಳು ವರ್ಷ ಕಷ್ಟಪಟ್ಟು ಕಟ್ಟಿಕೊಂಡಿದ್ದ ಅಂಥ ಆಸರೆಯೆಲ್ಲ ಒಂದು ಬೇಸಿಗೆ ರಜೆಯಲ್ಲಿ ಕಳಚಿಬಿತ್ತು. ಹಳೆಯ ಶಾಲೆಯಲ್ಲಿ ನಡೆಯುತ್ತಿದ್ದವನು ಹೊಸ ಶಾಲೆಯ ಹೊಸ್ತಿಲಲ್ಲಿ ಎಡವಿದ.

ಹೊಸ್ತಿಲು ಕಷ್ಟದ ಜಾಗ ಎಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಅಕ್ಷರಾಭ್ಯಾಸದ ದಿನ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕೈಹಿಡಿದು ಅಕ್ಕಿಯಲ್ಲಿ ಬರೆಸುತ್ತಿದ್ದರು. ಹೊಸ ಮನೆಗೆ ಹೋಗುವ ಮುಂಚೆ ಹಾಲುಕ್ಕಿಸುತ್ತಿದ್ದರು. ಮದುಮಗಳು ಅಕ್ಕಿಯ ಸೇರನ್ನು ಕಾಲಿನಿಂದ ಸರಿಸಿ ಒಳಗೆ ಬರುವಾಗ ನಾಲ್ಕು ಜನ ಜೊತೆಗೆ ನಿಲ್ಲುತ್ತಿದ್ದರು. ಬದುಕಿನ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವವರನ್ನು ಒಂಟಿಯಾಗಿ ಬಿಡಬಾರದೆಂಬುದೇ ಅದರ ಅರ್ಥವಲ್ಲವೇ? ಆದರೆ ಒಂದು ಶಾಲೆಯಿಂದ ಇನ್ನೊಂದು ಶಾಲೆಗೆ, ಹುಡುಗತನದಿಂದ ದೊಡ್ಡತನಕ್ಕೆ ದಾಟುವ ಇಂಥ ಮಕ್ಕಳಿಗೆ ನಾವು ಕೊಡುವುದು ವರ್ಗಾವಣೆ ಪತ್ರ ಮಾತ್ರ.

ಆಟಿಸಂನ ಚರಿತ್ರೆಯೇ ಒಬ್ಬ ಹುಡುಗನ ಇಂಥ ಹೊಸ್ತಿಲುಗಳ ಕತೆಯಿಂದ ಆರಂಭವಾಗುತ್ತದೆ. ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ಫಾರೆಸ್ಟ್ ಎಂಬ ಸಣ್ಣ ಊರು. ಅಲ್ಲಿ 1933ರಲ್ಲಿ ಡೊನಾಲ್ಡ್ ಟ್ರಿಪ್ಲೆಟ್ ಹುಟ್ಟಿದ. ಸಂಖ್ಯೆಗಳೆಂದರೆ ಪ್ರಾಣ, ಜನರೆಂದರೆ ಇದ್ದರೂ ಇಲ್ಲದಂತೆ. ವೈದ್ಯರ ಮಾತಿನಂತೆ 1937ರಲ್ಲಿ ಆ ಎಳೆಯನನ್ನು ಒಂದು ಆಶ್ರಯಕೇಂದ್ರಕ್ಕೆ ಸೇರಿಸಿದರು. ಮಗು ಅಲ್ಲಿ ಬಾಡಿತು. ಸುಮಾರು ಒಂದು ವರ್ಷದ ಮೇಲೆ ತಂದೆತಾಯಿ ಹಟಹಿಡಿದು ವಾಪಸು ಕರೆತಂದರು. ಬಾಲ್ಟಿಮೋರ್‌ನ ಡಾ. ಲಿಯೋ ಕ್ಯಾನರ್ ಅವರಲ್ಲಿಗೆ ಕರೆದೊಯ್ದರು. 1943ರಲ್ಲಿ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದ ಪ್ರಸಿದ್ಧ ಲೇಖನದಲ್ಲಿ ಮೊದಲನೆಯ ಮಗು ಈ ಡೊನಾಲ್ಡ್.

ಇಲ್ಲಿ ಹೇಳಬೇಕಾದದ್ದು ಡಾಕ್ಟರ ಕತೆಗಿಂತ ಒಬ್ಬ ಬಡ ರೈತನ ಕತೆ. ಒಂಬತ್ತರ ಹೊತ್ತಿಗೆ ಡೊನಾಲ್ಡನನ್ನು ಊರಿನಿಂದ ಹತ್ತು ಮೈಲಿ ದೂರದ ಗೇಣಿದಾರ ದಂಪತಿಗಳ ಮನೆಯಲ್ಲಿ ಬಿಟ್ಟರು. ಅವರಿಗೆ ಮಕ್ಕಳಿರಲಿಲ್ಲ. ಡೊನಾಲ್ಡನಿಗೆ ಕಂಡದ್ದನ್ನೆಲ್ಲ ಅಳೆಯುವ ಗೀಳು. "ಅಳೆಯಬೇಡ" ಎಂದು ರೈತ ಹೇಳಲಿಲ್ಲ. ಬಾವಿ ತೋಡಲು ಹಚ್ಚಿ, ಎಷ್ಟು ಆಳವಾಯಿತೆಂದು ಅಳೆದು ಹೇಳುವ ಕೆಲಸ ಕೊಟ್ಟ. ಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದವನ ಕೈಗೆ ನೇಗಿಲು ಕೊಟ್ಟು, ಉಳುತ್ತಾ ಎಣಿಸು ಎಂದ. 1945ರಲ್ಲಿ ನೋಡಲು ಬಂದ ಕ್ಯಾನರ್, ಹುಡುಗ ಕುದುರೆ ಹೂಡಿದ ನೇಗಿಲನ್ನು ಹಿಡಿದು ಆರು ಉದ್ದ ಸಾಲು ಉತ್ತು ತೋರಿಸಿದ್ದನ್ನು ಬೆರಗಿನಿಂದ ಬರೆದಿದ್ದಾರೆ. ಹಳೆಯ ಗೀಳನ್ನು ಕಿತ್ತೆಸೆಯದೆ, ಅದನ್ನೇ ಹೊಸ ಬದುಕಿಗೆ ಸೇತುವೆ ಮಾಡಿದ್ದೇ ಆ ರೈತನ ವಿದ್ಯೆ.

ಮುಂದೆ ಡೊನಾಲ್ಡ್ ತನ್ನ ಊರಿನ ಹೈಸ್ಕೂಲಿಗೆ ಬಂದ. ಆಮೇಲೆ ಕಾಲೇಜು, 1958ರಲ್ಲಿ ಪದವಿ. ತಾತನ ಕಾಲದಿಂದ ಮನೆಯವರ ಪಾಲಿದ್ದ ಊರಿನ ಬ್ಯಾಂಕಿನಲ್ಲಿ ಗುಮಾಸ್ತೆಯ ಕೆಲಸ. ಕಾರು ಓಡಿಸಲು ಕಲಿತದ್ದು 27ನೆಯ ವಯಸ್ಸಿನಲ್ಲಿ. ತಡವಾಯಿತೆಂದು ಯಾರೂ ನಗಲಿಲ್ಲ. ದಿನವೂ ಗಾಲ್ಫ್ ಆಡುತ್ತ, ಒಬ್ಬನೇ ದೇಶದೇಶ ಸುತ್ತುತ್ತ, 2023ರ ಜೂನ್‌ನಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡ. ಹಣವಿದ್ದ ಮನೆತನ ಅದು, ನಿಜ. ಅವನ ಖರ್ಚಿಗೆ ಟ್ರಸ್ಟ್ ಮಾಡಿಟ್ಟಿದ್ದರು. ಆದರೆ ಹಣದಿಂದ ಕೊಳ್ಳಲಾಗದ್ದೂ ಒಂದಿತ್ತು. ಅವನ ಬಗ್ಗೆ ಬರೆಯಲು ಪತ್ರಕರ್ತರು ಬಂದಾಗ, "ನಮ್ಮ ಡಾನ್‌ಗೆ ನೋವಾದರೆ ನಿಮ್ಮನ್ನು ಬಿಡುವುದಿಲ್ಲ" ಎಂಬರ್ಥದಲ್ಲಿ ಊರಿನವರು ಎಚ್ಚರಿಸಿದರಂತೆ. ತಂದೆತಾಯಿ 1980ರ ದಶಕದಲ್ಲೇ ಹೋಗಿದ್ದರು. ಊರು ಉಳಿದಿತ್ತು. ಅದೇ 11 ಮಕ್ಕಳಲ್ಲಿ ದೊಡ್ಡ ಆಸ್ಪತ್ರೆಗಳ ಪಾಲಾದವರು ಇದ್ದ ಬುದ್ಧಿಯನ್ನೂ ಕಳೆದುಕೊಂಡರೆಂದು 1971ರಲ್ಲಿ ಕ್ಯಾನರ್ ನೊಂದು ಬರೆದರು.

ಮಾವಿನ ಮರದ ಶಾಲೆಗೆ ಮರಳೋಣ. ಅಲ್ಲಿ ಆ ರೈತನ ಕೆಲಸ ಮಾಡಿದವರು ಗಂಟೆ ಹೊಡೆಯುವ ಜವಾನರು. ಮೂರನೆಯ ದಿನ ಅವರು ಗೇಟಿನ ಬಳಿ ಬಂದು ಹುಡುಗನ ಪ್ರಶ್ನೆಗೆ ಉತ್ತರ ಕೊಟ್ಟರು. ಅಲ್ಲಿಯವರೆಗೆ ಯಾರೂ ಕೊಟ್ಟಿರಲಿಲ್ಲ. ಒಂದು ಚೀಟಿಯಲ್ಲಿ ದಿನದ ಎಲ್ಲ ಗಂಟೆಗಳ ಹೊತ್ತನ್ನೂ ಬರೆದುಕೊಟ್ಟು, "ಇದು ಇಟ್ಕೊ ಮರಿ. ಇದರಲ್ಲಿರೋ ಟೈಮಿಗೆ ಮಾತ್ರ ಹೊಡೀತೀನಿ. ಬೇರೆ ಹೊತ್ತು ಮುಟ್ಟಲ್ಲ" ಎಂದರು. ಹುಡುಗ ತನ್ನ ಕೈಗಡಿಯಾರ ನೋಡಿದ, ಚೀಟಿ ನೋಡಿದ. ಆ ದಿನ ಗೇಟು ದಾಟಿದ. ಒಂದು ವಾರ ಅಂಗಳದ ಆಚೆ ತುದಿಯಲ್ಲಿ ನಿಂತು ಗಂಟೆ ಕೇಳಿದ. ಆಮೇಲೆ ಕಂಬದ ಹತ್ತಿರ. ದಸರಾ ರಜೆಯ ಹೊತ್ತಿಗೆ ಸುತ್ತಿಗೆ ಅವನ ಕೈಯಲ್ಲೇ ಇತ್ತು. ತಾನೇ ಹೊಡೆಯುವ ಗಂಟೆ ಯಾರನ್ನು ಹೆದರಿಸೀತು?

ಎಲ್ಲವೂ ಸಲೀಸಾಗಿ ನಡೆಯಿತೆಂದಲ್ಲ. ಒಂದು ದಿನ ಅತಿಥಿಗಳು ಬರುತ್ತಾರೆಂದು ಯಾರೋ ಹತ್ತು ನಿಮಿಷ ಮೊದಲೇ ಗಂಟೆ ಹೊಡೆದರು. ಹುಡುಗ ಚೀಲವನ್ನೂ ಬಿಟ್ಟು ಮನೆಗೆ ಓಡಿದ. ಎರಡು ದಿನ ಬರಲಿಲ್ಲ. ಅಂದಿನಿಂದ ಶಾಲೆ ಒಂದು ಪಾಠ ಕಲಿಯಿತು: ಬದಲಾವಣೆ ಇದ್ದರೆ ಹಿಂದಿನ ದಿನವೇ ಹೇಳಬೇಕು. ಹೀಗೆ ಹೇಳಿದ್ದರಿಂದ ಬೇರೆ ಮಕ್ಕಳಿಗೂ ಅನುಕೂಲವೇ ಆಯಿತು.

ಹುಡುಗ ಹತ್ತನೆಯ ತರಗತಿಯಲ್ಲಿದ್ದಾಗ ಜವಾನರ ನಿವೃತ್ತಿ ಬಂತು. ಅದು ಇನ್ನೊಂದು ಹೊಸ್ತಿಲು. ಅವರು ಮೂರು ತಿಂಗಳ ಮೊದಲೇ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿಸಿದರು. ಇಬ್ಬರು ಸಹಪಾಠಿಗಳನ್ನು ಗಂಟೆಯ ಬಳಿ ಕರೆದು ಹುಡುಗನ ಜೊತೆ ನಿಲ್ಲಿಸಿದರು. ಒಬ್ಬರ ಮೇಲೆ ನಿಂತ ಆಸರೆ ಆ ಒಬ್ಬರು ಹೋದಾಗ ಕುಸಿಯುತ್ತದೆ ಎಂಬುದನ್ನು ಅವರಿಗೆ ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ.

ಇಂಥ ಮಕ್ಕಳ ತಂದೆತಾಯಿಯರು ತಿಳಿದಿರಬೇಕಾದ ಕಾಗದಪತ್ರಗಳೂ ಇವೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಆಟಿಸಂ, ಕಲಿಕಾ ನ್ಯೂನತೆ ಸೇರಿದಂತೆ 21 ಬಗೆಯ ಸ್ಥಿತಿಗಳನ್ನು ಹೆಸರಿಸುತ್ತದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಇವನ್ನು ಕಾಯ್ದೆಯೇ ಹೇಳುತ್ತದೆ. ಆದರೆ ಪ್ರಮಾಣಪತ್ರ ಕೈಯಲ್ಲಿರಬೇಕು. ಎಸ್ಸೆಸ್ಸೆಲ್ಸಿಯ ಜನವರಿಯಲ್ಲಿ ಆಸ್ಪತ್ರೆಗೆ ಅಲೆಯುವ ಬದಲು ಎಂಟನೆಯ ತರಗತಿಯಲ್ಲೇ ಮಾಡಿಸಿಟ್ಟರೆ ಒಳ್ಳೆಯದು. ಇನ್ನು 18 ತುಂಬಿದ ದಿನ ಕಾನೂನಿನ ಕಣ್ಣಿನಲ್ಲಿ ಮಗ ಅಥವಾ ಮಗಳು ಸ್ವತಂತ್ರ ವ್ಯಕ್ತಿ. ವ್ಯವಹಾರಗಳಿಗೆ ಪಾಲಕರ ನೆರವು ನಿಜವಾಗಿ ಬೇಕಿದ್ದರೆ, 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಗೆ ಅರ್ಜಿ ಕೊಡಬಹುದು. ಅದಕ್ಕೂ ಮುಂಚೆ ಆ ಮಗುವನ್ನೇ "ನಿನಗೇನು ಬೇಕು?" ಎಂದು ಕೇಳುವುದು ಹೆಚ್ಚು ಮುಖ್ಯ.

ಇಷ್ಟಾದರೂ ರಾತ್ರಿ ಎಲ್ಲರೂ ಮಲಗಿದ ಮೇಲೆ ತಾಯಂದಿರ ಎದೆಯಲ್ಲಿ ಏಳುವ ಪ್ರಶ್ನೆ ಒಂದೇ: "ನಾವಿಲ್ಲದ ಮೇಲೆ ಇವನಿಗೆ ಯಾರು?" ಅದಕ್ಕೆ ಪೂರ್ತಿ ಉತ್ತರ ಯಾವ ಕಾಯ್ದೆಯಲ್ಲೂ ಇಲ್ಲ. ಉತ್ತರದ ಒಂದು ಭಾಗ ಮಾತ್ರ ವಿದ್ಯಾರ್ಥಿಗಳ ಕೈಯಲ್ಲಿದೆ. ಇಂದು ಕಿವಿ ಮುಚ್ಚಿ ನಿಂತ ಸಹಪಾಠಿಯನ್ನು ನೋಡಿ ನಗದೆ ಅವನ ಪಕ್ಕದಲ್ಲಿ ಕುಳಿತ ಹುಡುಗನೇ ನಾಳೆ ಆ ಊರಿನ ಬ್ಯಾಂಕಿನಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ಅವನನ್ನು ಗುರುತಿಸಿ ಮಾತಾಡಿಸುವವನು. ಫಾರೆಸ್ಟ್ ಊರಿನಲ್ಲಿ ಡೊನಾಲ್ಡನಿಗೆ ಒದಗಿದ ಜನವೂ ಹೀಗೆಯೇ ಅವನ ಜೊತೆಯಲ್ಲಿ ಬೆಳೆದವರು, ಅವನನ್ನು ಕಂಡು ಬಲ್ಲವರು.

ಹುಡುಗ ಎಸ್ಸೆಸ್ಸೆಲ್ಸಿ ಪಾಸಾದ. ಪದವಿಪೂರ್ವ ಕಾಲೇಜು ಇನ್ನೂ ಆರಂಭವಾಗಿರಲಿಲ್ಲ. ತಾಯಿ ಅವನನ್ನು ಕರೆದುಕೊಂಡು ಖಾಲಿ ಕಾಲೇಜಿಗೆ ನಾಲ್ಕು ಸಲ ಹೋಗಿಬಂದರು. ಯಾವ ಕೋಣೆ, ನೀರಿನ ನಲ್ಲಿ ಎಲ್ಲಿ, ಗಲಾಟೆಯಾದರೆ ಹೋಗಿ ಕೂರಲು ಯಾವ ಮೂಲೆ ಎಂದು ಇಬ್ಬರೂ ನೋಡಿಟ್ಟುಕೊಂಡರು. ನಾಲ್ಕನೆಯ ಸಲ ಹುಡುಗ ತಾನಾಗಿಯೇ ಕಾವಲುಗಾರರ ಬಳಿಗೆ ಹೋಗಿ ಕೇಳಿದ:

"ಗಂಟೆ ಎಷ್ಟಕ್ಕೆ ಹೊಡೀತಾರೆ?"

ಪ್ರಶ್ನೆ ಹಳೆಯದೇ. ಆದರೆ ಕೈಗಳು ಕಿವಿಯ ಮೇಲಿರಲಿಲ್ಲ. ಒಂದರಲ್ಲಿ ಪುಟ್ಟ ಪುಸ್ತಕ, ಇನ್ನೊಂದರಲ್ಲಿ ಪೆನ್ನು.